ನಾಲ್ಕು ಕ್ರಿಸ್ಮಸ್ ಕಂಡ ಮೂರು ವರ್ಷದ ಯುದ್ಧ

ಕೊರಿಯಾ ಯುದ್ಧ ಶುರುವಾದದ್ದು 1950ರ ಜೂನ್ 25ರಂದು. ಕದನವಿರಾಮಕ್ಕೆ ಸಹಿ ಬಿದ್ದದ್ದು 1953ರ ಜುಲೈ 27ರಂದು. ಬೆರಳು ಮಡಚಿ ಎಣಿಸಿದರೆ ನಡುವೆ ಸಿಗುವುದು ಮೂರೇ ಕ್ರಿಸ್ಮಸ್. ಅದೇ ಯುದ್ಧವನ್ನು ಹಿನ್ನೆಲೆಯಾಗಿಟ್ಟುಕೊಂಡು ಅಮೆರಿಕದ ಸಿಬಿಎಸ್ ವಾಹಿನಿ ತೋರಿಸಿದ ‘ಮ್ಯಾಶ್’ ಹಾಸ್ಯ ಧಾರಾವಾಹಿಯಲ್ಲಿ ಮಾತ್ರ ಕಡಿಮೆಯೆಂದರೂ ನಾಲ್ಕು ಬರುತ್ತವೆ. 1972, 1978, 1980, 1981ರ ಡಿಸೆಂಬರ್ ತಿಂಗಳಲ್ಲಿ ಪ್ರಸಾರವಾದ ಕಂತುಗಳನ್ನು ಒಂದರ ಹಿಂದೊಂದು ಹಾಕಿಕೊಂಡು ನೋಡಿದವರಿಗೆ ಲೆಕ್ಕ ತಪ್ಪಿರುವುದು ಥಟ್ಟನೆ ಹೊಳೆಯುತ್ತದೆ. ಹಬ್ಬದ ಮೇಲೆ ಹಬ್ಬ ಬರುತ್ತದೆ, ಯುದ್ಧ ಮುಗಿಯುವುದಿಲ್ಲ.

ಕಾರಣ ಸರಳ. ಯುದ್ಧ ನಡೆದದ್ದು ಮೂರು ವರ್ಷ ಒಂದು ತಿಂಗಳು, ಧಾರಾವಾಹಿ ನಡೆದದ್ದು ಹನ್ನೊಂದು ಸೀಸನ್. 1972ರ ಸೆಪ್ಟೆಂಬರ್ 17ರಂದು ಶುರುವಾಗಿ 1983ರ ಫೆಬ್ರುವರಿ 28ರಂದು ಮುಗಿಯುವಷ್ಟರಲ್ಲಿ 251 ಕಂತುಗಳಾಗಿದ್ದವು. ಎರಡೂವರೆ ಗಂಟೆಯ ಕೊನೆಯ ಕಂತನ್ನು ಒಂದೇ ರಾತ್ರಿ ಹತ್ತು ಕೋಟಿಗೂ ಹೆಚ್ಚು ಅಮೆರಿಕನ್ನರು ನೋಡಿದರು. ಅಷ್ಟು ಕಣ್ಣುಗಳು ನೆಟ್ಟಿದ್ದ ಮೇಲೆ ತಪ್ಪು ಹೆಕ್ಕುವವರು ಹುಟ್ಟಿಕೊಳ್ಳದೆ ಇರುತ್ತಾರೆಯೇ? ಹುಟ್ಟಿಕೊಂಡರು. ಇವತ್ತಿಗೂ ಹೆಕ್ಕುತ್ತಲೇ ಇದ್ದಾರೆ. ಅವರನ್ನು ಕಂಡರೆ ರೇಗುವ ಇನ್ನೊಂದು ಗುಂಪೂ ಇದೆ: ‘ತಮಾಷೆಗೆ ಮಾಡಿದ ಧಾರಾವಾಹಿಗೆ ಪಂಚಾಂಗ ಹಿಡಿದು ಕೂತರೆ ಹೇಗಪ್ಪಾ’ ಎನ್ನುವವರದು. ಎರಡೂ ಕಡೆಯವರ ಮಾತಿನಲ್ಲಿ ಹುರುಳಿದೆ. ಯಾವ ತಪ್ಪಿಗೆ ಯಾರ ಮಾತು ಹೊಂದುತ್ತದೆ ಎಂಬುದನ್ನು ನೋಡಬೇಕು, ಅಷ್ಟೆ.

ನೋಡದವರಿಗಾಗಿ ಎರಡು ಮಾತು. ಉಯ್‌ಜಾಂಗ್‌ಬು ಪಟ್ಟಣದ ಹತ್ತಿರ, ಗುಂಡಿನ ಸದ್ದು ಕೇಳುವಷ್ಟು ದೂರದಲ್ಲಿ, ಡೇರೆಗಳಲ್ಲಿ ನಡೆಯುವ ಒಂದು ಸೇನಾ ಶಸ್ತ್ರಚಿಕಿತ್ಸಾ ಆಸ್ಪತ್ರೆ. ಅದರ ಸಂಖ್ಯೆ 4077. ಒತ್ತಾಯದಿಂದ ಸೇನೆಗೆ ಸೇರಿಸಲ್ಪಟ್ಟ ವೈದ್ಯರು ಹಗಲಿರುಳು ಗಾಯಾಳುಗಳನ್ನು ಹೊಲಿಯುತ್ತಾರೆ. ಬಿಡುವು ಸಿಕ್ಕಾಗ ಡೇರೆಯಲ್ಲೇ ಭಟ್ಟಿ ಇಳಿಸಿದ ಜಿನ್ ಕುಡಿದು ಮೇಲಧಿಕಾರಿಗಳನ್ನು ಗೋಳು ಹೊಯ್ದುಕೊಳ್ಳುತ್ತಾರೆ. ನಡುಮಧ್ಯದಲ್ಲಿ ಅಲನ್ ಆಲ್ಡ ನಟಿಸಿದ ಹಾಕ್‌ಐ ಪಿಯರ್ಸ್ ಎಂಬ ಬಾಯಿಬಡುಕ ಸರ್ಜನ್. ಇದಕ್ಕೆ ಮೂಲ, ಕೊರಿಯಾದ ಅಂಥದ್ದೇ ಡೇರೆಯಲ್ಲಿ ಕೆಲಸ ಮಾಡಿದ್ದ ವೈದ್ಯರೊಬ್ಬರು ರಿಚರ್ಡ್ ಹೂಕರ್ ಎಂಬ ಹೆಸರಿನಲ್ಲಿ 1968ರಲ್ಲಿ ಪ್ರಕಟಿಸಿದ ಕಾದಂಬರಿ. ಅದರಿಂದ ರಾಬರ್ಟ್ ಆಲ್ಟ್‌ಮನ್ 1970ರಲ್ಲಿ ಸಿನಿಮಾ ಮಾಡಿದ. ಆಮೇಲೆ ಲ್ಯಾರಿ ಗೆಲ್ಬಾರ್ಟ್ ಮತ್ತು ಜೀನ್ ರೆನಾಲ್ಡ್ಸ್ ಅದನ್ನು ಟಿವಿಗೆ ತಂದರು.

ನಮಗೂ ಈ ಯುದ್ಧ ಪೂರ್ತಿ ಹೊರಗಿನದಲ್ಲ. ಭಾರತ ಅಲ್ಲಿಗೆ ಕಾದಾಡುವ ಪಡೆಯನ್ನು ಕಳಿಸಲಿಲ್ಲ, ವೈದ್ಯರನ್ನು ಕಳಿಸಿತು. ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ಮುಂದಾಳ್ತನದ 60ನೇ ಪ್ಯಾರಾಚೂಟ್ ಫೀಲ್ಡ್ ಆಂಬುಲೆನ್ಸ್‌ನ ಒಂದು ತುಕಡಿ 1951ರ ಮಾರ್ಚಿನಲ್ಲಿ ಅಮೆರಿಕದ ಛತ್ರಿಪಡೆಯ ಜೊತೆ ಮುನ್ಸಾನ್ ಬಳಿ ವಿಮಾನದಿಂದ ಧುಮುಕಿ, ನೆಲ ಮುಟ್ಟಿದ ಕೂಡಲೇ ಗಾಯಾಳುಗಳ ಕೆಲಸಕ್ಕೆ ಕೂತಿತು. ಗುಂಡು ನಿಂತ ಮೇಲೆ, ತಾಯ್ನಾಡಿಗೆ ಮರಳಲೊಲ್ಲದ ಯುದ್ಧಕೈದಿಗಳನ್ನು ಏನು ಮಾಡಬೇಕೆಂಬ ತಲೆನೋವನ್ನು ಹೊತ್ತುಕೊಂಡ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ನಮ್ಮ ಕೊಡಗಿನ ಕೆ.ಎಸ್. ತಿಮ್ಮಯ್ಯ. ಡೇರೆ ಆಸ್ಪತ್ರೆಯ ಕತೆಯಲ್ಲಿ ನಿಜವೆಷ್ಟು ಎಂದು ಕೇಳುವ ಹಕ್ಕು ಅಮೆರಿಕನ್ನರದ್ದು ಮಾತ್ರವಲ್ಲ ಅಂತ ನನಗೆ ಅನ್ನಿಸುವುದು ಇದರಿಂದ.

ಎಡವಟ್ಟುಗಳಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಕರ್ನಲ್ ಪಾಟರ್‌ನ ಹಾಜರಿ ಪುಸ್ತಕ. ಮೊದಲ ಮೂರು ಸೀಸನ್‌ಗಳಲ್ಲಿ ಆಸ್ಪತ್ರೆಯ ಮುಖ್ಯಸ್ಥ ಹೆನ್ರಿ ಬ್ಲೇಕ್. 1975ರಲ್ಲಿ ಅವನ ಜಾಗಕ್ಕೆ ಹ್ಯಾರಿ ಮಾರ್ಗನ್ ನಟಿಸಿದ ಶೆರ್ಮನ್ ಪಾಟರ್ ಬರುತ್ತಾನೆ. ಬರುವ ತಾರೀಖನ್ನು ಕಂತಿನಲ್ಲೇ ಹೇಳಲಾಗಿದೆ: 1952ರ ಸೆಪ್ಟೆಂಬರ್ 19. ಅಂದರೆ ಯುದ್ಧ ಮುಗಿಯಲು ಉಳಿದಿರುವುದು ಹತ್ತು ತಿಂಗಳು. ಈ ಹತ್ತು ತಿಂಗಳಲ್ಲಿ ಎಂಟು ಸೀಸನ್, ಸುಮಾರು 180 ಕಂತುಗಳು ನಡೆಯಬೇಕು. ವಾರಕ್ಕೆ ನಾಲ್ಕು ಕಂತಿನ ಲೆಕ್ಕ. ಅಷ್ಟರೊಳಗೆ ಹೆಡ್ ನರ್ಸ್ ಮಾರ್ಗರೆಟ್‌ಗೆ ಮದುವೆಯೂ ಆಗಬೇಕು, ವಿಚ್ಛೇದನವೂ ಆಗಬೇಕು. ಸರ್ಜನ್ ಫ್ರ್ಯಾಂಕ್ ಬರ್ನ್ಸ್‌ಗೆ ತಲೆಕೆಟ್ಟು ಅವನ ಜಾಗಕ್ಕೆ ಬಾಸ್ಟನ್‌ನ ಶ್ರೀಮಂತ ಚಾರ್ಲ್ಸ್ ವಿಂಚೆಸ್ಟರ್ ಬರಬೇಕು. ಗುಮಾಸ್ತ ರೇಡಾರ್ ಊರಿಗೆ ಹೋಗಿ, ಸೇನೆಯಿಂದ ತಪ್ಪಿಸಿಕೊಳ್ಳಲು ಹೆಂಗಸರ ಉಡುಪು ತೊಡುತ್ತಿದ್ದ ಕ್ಲಿಂಗರ್ ಅವನ ಕುರ್ಚಿಯಲ್ಲಿ ಕೂರಬೇಕು. ಇರಲಿ, ಹೇಗೋ ತುರುಕೋಣ ಎನ್ನುವಷ್ಟರಲ್ಲಿ 1980ರ ಡಿಸೆಂಬರ್ 29ರ ಕಂತು ಬರುತ್ತದೆ. ಅದರ ಕತೆ ಶುರುವಾಗುವುದು 1950ರ ಡಿಸೆಂಬರ್ 31ರ ರಾತ್ರಿ, ಮುಗಿಯುವುದು 1951ರ ಡಿಸೆಂಬರ್ 31ರ ರಾತ್ರಿ. ಪಾಟರ್ ಆ ಇಡೀ ವರ್ಷ ಮುಖ್ಯಸ್ಥನ ಕುರ್ಚಿಯಲ್ಲಿದ್ದಾನೆ! ವಿಂಚೆಸ್ಟರ್ ಇದ್ದಾನೆ, ಕ್ಲಿಂಗರ್ ಗುಮಾಸ್ತನಾಗಿದ್ದಾನೆ. ಇದನ್ನು ನಂಬಿದರೆ ಬ್ಲೇಕ್, ಮೊದಮೊದಲಿನ ಸರ್ಜನ್ ಟ್ರ್ಯಾಪರ್, ಬರ್ನ್ಸ್, ರೇಡಾರ್ ಎಲ್ಲರೂ ಯುದ್ಧದ ಮೊದಲ ಆರೇ ತಿಂಗಳಲ್ಲಿ ಬಂದು ಹೋಗಿರಬೇಕು. ಪಾಟರ್ ತಾನು ಬರುವುದಕ್ಕೆ ಸುಮಾರು ಇಪ್ಪತ್ತೊಂದು ತಿಂಗಳು ಮೊದಲೇ ಅಲ್ಲಿ ಹೊಸ ವರ್ಷ ಆಚರಿಸಿದ್ದಾನೆ.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಪಾಟರ್ ಆಗುವ ಒಂದು ವರ್ಷ ಮೊದಲು ಇದೇ ಹ್ಯಾರಿ ಮಾರ್ಗನ್ ಹುಚ್ಚು ಜನರಲ್ ಒಬ್ಬನಾಗಿ ಇದೇ ಡೇರೆಗಳಿಗೆ ಬಂದು ಹೋಗಿದ್ದ; ಹೊಸ ಕರ್ನಲ್‌ನ ಮುಖ ನೋಡಿ ಯಾರೊಬ್ಬರಿಗೂ ಏನೂ ನೆನಪಾಗುವುದಿಲ್ಲ. ಪಾದ್ರಿ ಮಲ್ಕೇಹಿ ಮೊದಲ ಕಂತಿನಲ್ಲಿ ಒಬ್ಬ ನಟ, ಆಮೇಲೆ ಬೇರೊಬ್ಬ. ರೇಡಾರ್ ಓದುವ ಕಾಮಿಕ್ ಪುಸ್ತಕಗಳಲ್ಲಿ ‘ಅವೆಂಜರ್ಸ್’ ಕಾಣಿಸುತ್ತದೆ. ಅದು ಮೊದಲು ಅಚ್ಚಾದದ್ದು ಯುದ್ಧ ಮುಗಿದು ಹತ್ತು ವರ್ಷದ ಮೇಲೆ, 1963ರಲ್ಲಿ. ತಲೆಗೂದಲಂತೂ ಕೇಳಲೇಬೇಡಿ. 1950ರ ದಶಕದ ಸೇನಾ ಕ್ಷೌರಿಕ ಈ ಡಾಕ್ಟರುಗಳ ತಲೆ ನೋಡಿದ್ದರೆ ಕತ್ತರಿ ಕೆಳಗಿಟ್ಟು ಅತ್ತುಬಿಡುತ್ತಿದ್ದ.

ತಪ್ಪು ಹಿಡಿಯುವವರ ಕೈಗೆ ಇಷ್ಟೆಲ್ಲ ಸಿಕ್ಕಿರುವಾಗ ಧಾರಾವಾಹಿಯ ಪರವಾಗಿ ಏನು ಹೇಳಬಹುದು? ಸಾಕಷ್ಟು ಹೇಳಬಹುದು.

ಮೊದಲನೆಯದಾಗಿ, ಆ ಕಾಲದ ಟಿವಿ ಯಾರ ನೆನಪಿನಲ್ಲೂ ಉಳಿಯಲೆಂದು ತಯಾರಾಗುತ್ತಿರಲಿಲ್ಲ. ವರ್ಷಕ್ಕೆ ಇಪ್ಪತ್ತನಾಲ್ಕರಂತೆ ಕಂತುಗಳು ಹೊರಬೀಳಬೇಕು. ಬರೆಯುವವರು ಹಲವರು, ಅವರೂ ವರ್ಷದಿಂದ ವರ್ಷಕ್ಕೆ ಬದಲಾಗುವವರು. 1972ರಲ್ಲಿ ಮನೆಯಲ್ಲಿ ಟೇಪು ಹಾಕಿ ನಿಲ್ಲಿಸಿ ನಿಲ್ಲಿಸಿ ನೋಡುವ ಯಂತ್ರ ಸಾಮಾನ್ಯರಿಗೆ ಸಿಕ್ಕಿರಲಿಲ್ಲ. ಒಂದು ಕಂತು ಈ ವಾರ ಬಂತು, ಬೇಸಿಗೆಯಲ್ಲಿ ಒಮ್ಮೆ ಮರುಪ್ರಸಾರವಾಯಿತು, ಅಲ್ಲಿಗೆ ಅದರ ಆಯುಷ್ಯ ಮುಗಿಯಿತು ಎಂಬುದು ಎಲ್ಲರ ತಿಳಿವಳಿಕೆ. ಐದು ವರ್ಷದ ಹಿಂದೆ ಯಾರೋ ಬರೆದ ಒಂದು ಸಾಲಿನ ತಾರೀಖಿಗೆ ತಾನು ಬದ್ಧ ಎಂದು ಹೊಸ ಬರಹಗಾರ ಯಾಕಾದರೂ ಅಂದುಕೊಳ್ಳುತ್ತಾನೆ? ಸ್ಥಳೀಯ ವಾಹಿನಿಗಳು ದಿನಕ್ಕೊಂದರಂತೆ ಹಳೆಯ ಕಂತುಗಳನ್ನು ಹಾಕತೊಡಗಿದಾಗ, ಆಮೇಲೆ ಕ್ಯಾಸೆಟ್ಟು, ಡಿವಿಡಿ ಬಂದಾಗ, ಹನ್ನೊಂದು ವರ್ಷದಲ್ಲಿ ಹರಡಿಕೊಂಡಿದ್ದದ್ದು ಕೆಲವೇ ತಿಂಗಳಲ್ಲಿ ಕಣ್ಣ ಮುಂದೆ ಬಂದು ಬಿತ್ತು. ತಪ್ಪು ಮೊದಲಿನಿಂದ ಇತ್ತು, ಕಾಣುವಂತೆ ಮಾಡಿದ್ದು ಹೊಸ ಯಂತ್ರಗಳು.

ಎರಡನೆಯದು ಇದಕ್ಕಿಂತ ಗಟ್ಟಿ ವಾದ. ಮೊಟ್ಟಮೊದಲ ಕಂತು ತೆರೆದುಕೊಳ್ಳುವಾಗ ಪರದೆಯ ಮೇಲೆ ಮೂಡುವ ಅಕ್ಷರಗಳು ಇದು ಕೊರಿಯಾ, ವರ್ಷ 1950 ಎನ್ನುತ್ತವೆ. ಆ ಬೆನ್ನಿಗೇ, ಇದು ನೂರು ವರ್ಷದ ಹಿಂದಿನ ಮಾತು ಎಂದೂ ಹೇಳುತ್ತವೆ. 1972ರಲ್ಲಿ ಕೂತು 1950ನ್ನು ನೂರು ವರ್ಷ ಹಿಂದಕ್ಕೆ ತಳ್ಳಿದವರು ಕ್ಯಾಲೆಂಡರಿನ ಜೊತೆ ಆಟವಾಡುವ ಸೂಚನೆಯನ್ನು ಮೊದಲೇ ಕೊಟ್ಟಿದ್ದಾರೆ. ಆಗ ವಿಯೆಟ್ನಾಂನಲ್ಲಿ ಅಮೆರಿಕದ ಯುದ್ಧ ಇನ್ನೂ ನಡೆಯುತ್ತಿತ್ತು. ಅದರ ಬಗ್ಗೆ ಹಾಸ್ಯ ಧಾರಾವಾಹಿ ಮಾಡುತ್ತೇವೆ ಎಂದಿದ್ದರೆ ಯಾವ ವಾಹಿನಿಯೂ ಬಾಗಿಲು ತೆರೆಯುತ್ತಿರಲಿಲ್ಲ. ಕೊರಿಯಾ ಒಂದು ಮರೆ. ಆ ಮರೆಯ ಹಿಂದಿನಿಂದ ವಿಯೆಟ್ನಾಂ ಮಾತಾಡುತ್ತಿತ್ತು ಎಂಬುದು ನೋಡುಗರಿಗೂ ಗೊತ್ತಿತ್ತು. ಹೀಗೆ ನೋಡಿದರೆ ಹಾಕ್‌ಐನ ಉದ್ದ ಕೂದಲು ತಪ್ಪು ಎನ್ನುವುದಕ್ಕಿಂತ ತನ್ನ ನಿಜವಾದ ಕಾಲವನ್ನು ಬಿಟ್ಟುಕೊಟ್ಟ ಸುಳಿವು. ಈ ವಾದ 1975ರ ತನಕ ಚೆನ್ನಾಗಿ ನಿಲ್ಲುತ್ತದೆ. ಸೈಗಾನ್ ಬಿದ್ದು ವಿಯೆಟ್ನಾಂ ಯುದ್ಧ ಮುಗಿದ ಮೇಲೂ ಎಂಟು ವರ್ಷ ಕೂದಲು ಹಾಗೇ ಇತ್ತಲ್ಲ, ಅದಕ್ಕೇನೆನ್ನುತ್ತೀರಿ ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ಬಹುಶಃ ನಟರಿಗೆ ಆ ಕೂದಲು ಒಪ್ಪುತ್ತಿತ್ತು.

ಮೂರನೆಯದು ಹಾಕ್‌ಐನ ತಾಯಿಯ ಕತೆ. ಮೊದಲ ಸೀಸನ್‌ನಲ್ಲಿ ಅವನು ಅಪ್ಪನಿಗೆ ಬರೆಯುವ ಕಾಗದದಲ್ಲಿ ಅಮ್ಮನನ್ನೂ ತಂಗಿಯನ್ನೂ ಕೇಳಿದೆನೆಂದು ಹೇಳು ಎನ್ನುತ್ತಾನೆ. ಅವನ ಊರು ವರ್ಮಾಂಟ್ ಕಡೆಗಿದ್ದಂತೆಯೂ ಒಮ್ಮೆ ಕೇಳಿಸುತ್ತದೆ. ಕಂತುಗಳು ಮುಂದುವರಿದಂತೆ ಊರು ಮೇಯ್ನ್ ರಾಜ್ಯದ ಕ್ರಾಬ್‌ಆ್ಯಪಲ್ ಕೋವ್ ಆಗುತ್ತದೆ, ತಂಗಿ ಮಾಯವಾಗುತ್ತಾಳೆ, ತಾಯಿ ಅವನ ಎಳವೆಯಲ್ಲೇ ತೀರಿಕೊಂಡಿರುತ್ತಾಳೆ. ಪಟ್ಟಿ ಮಾಡುವವರಿಗೆ ಇದು ಹಬ್ಬದೂಟ. ಆದರೆ ಹತ್ತನೇ ಸೀಸನ್‌ನ ಒಂದು ಕಂತನ್ನು ನೆನೆಸಿಕೊಳ್ಳಿ. ದೂರದ ಅಮೆರಿಕದಲ್ಲಿ ಅಪ್ಪನಿಗೆ ಶಸ್ತ್ರಚಿಕಿತ್ಸೆ. ಸುದ್ದಿಗಾಗಿ ಹಾಕ್‌ಐ ಫೋನಿನ ಪಕ್ಕ ಕಾಯುತ್ತಿದ್ದಾನೆ. ಜೊತೆಗೆ ಕೂರುವವನು, ಅವನೊಂದಿಗೆ ಅಷ್ಟಾಗಿ ಬೆರೆಯದ ಚಾರ್ಲ್ಸ್. ತಾಯಿಯಿಲ್ಲದ ಮನೆಯಲ್ಲಿ ತನ್ನನ್ನು ಬೆಳೆಸಿದ ಅಪ್ಪನ ಬಗ್ಗೆ ಒಬ್ಬ, ಐಶ್ವರ್ಯವಿದ್ದೂ ಹತ್ತಿರ ಸುಳಿಯದ ಅಪ್ಪನ ಬಗ್ಗೆ ಇನ್ನೊಬ್ಬ ಮಾತಾಡುತ್ತಾರೆ. ಧಾರಾವಾಹಿಯ ಒಳ್ಳೆಯ ದೃಶ್ಯಗಳಲ್ಲಿ ಅದೊಂದು. 1972ರ ಕಾಗದಕ್ಕೆ ಬರಹಗಾರರು ನಿಷ್ಠರಾಗಿದ್ದಿದ್ದರೆ ಆ ತಾಯಿ ಮನೆಯಲ್ಲಿ ಸುಖವಾಗಿರುತ್ತಿದ್ದಳು, ಈ ದೃಶ್ಯ ಹುಟ್ಟುತ್ತಿರಲಿಲ್ಲ. ಪಾತ್ರ ಬೆಳೆಯುತ್ತ ಹೋದಂತೆ ಅದರ ಹಿಂದಿನ ಬದುಕನ್ನು ತಿದ್ದಿಕೊಳ್ಳುವ ಸ್ವಾತಂತ್ರ್ಯ ಬರಹಗಾರನಿಗೆ ಬೇಕು. ಕಾದಂಬರಿಕಾರ ಎರಡನೇ ಕರಡಿನಲ್ಲಿ ಯಾರಿಗೂ ಕಾಣದಂತೆ ಮಾಡುವ ಕೆಲಸವನ್ನು ಇವರು ದೇಶದ ಎದುರಿಗೆ ಮಾಡಬೇಕಾಯಿತು.

ಈಗ ಇನ್ನೊಂದು ಪಕ್ಷ. ‘ಇದು ಬರೀ ತಮಾಷೆ’ ಎಂಬ ರಕ್ಷಣೆ ಬೇರೆ ಯಾವ ಸಿಟ್‌ಕಾಂಗೆ ಒಪ್ಪಿದರೂ ಮ್ಯಾಶ್‌ಗೆ ಅಷ್ಟು ಸಲೀಸಾಗಿ ಒಪ್ಪುವುದಿಲ್ಲ. ಏಕೆಂದರೆ ಅದು ತಾನು ಬರೀ ತಮಾಷೆಯಲ್ಲ ಎಂದು ಪದೇ ಪದೇ ಹೇಳಿಕೊಂಡಿತು. ಗೆಲ್ಬಾರ್ಟ್ ಮತ್ತು ರೆನಾಲ್ಡ್ಸ್ ಕೊರಿಯಾಕ್ಕೇ ಹೋಗಿ ಬಂದರು. ಯುದ್ಧದಲ್ಲಿ ಕೆಲಸ ಮಾಡಿದ್ದ ವೈದ್ಯರನ್ನು, ನರ್ಸ್‌ಗಳನ್ನು ಮಾತಾಡಿಸಿ ಅವರ ಅನುಭವಗಳಿಂದ ಕತೆಗಳನ್ನು ಕಟ್ಟಿದರು. ಶಸ್ತ್ರಚಿಕಿತ್ಸೆಯ ವಿವರ ಸರಿಯಾಗಿರಲೆಂದು ವಾಲ್ಟರ್ ಡಿಶೆಲ್ ಎಂಬ ವೈದ್ಯರನ್ನು ಸಲಹೆಗಾರರನ್ನಾಗಿ ಇಟ್ಟುಕೊಂಡರು. 1976ರ ಒಂದು ಕಂತನ್ನು ಪೂರ್ತಿ ಕಪ್ಪು ಬಿಳುಪಿನಲ್ಲಿ, ಸುದ್ದಿಚಿತ್ರದ ಧಾಟಿಯಲ್ಲಿ ತೆಗೆದರು. ಪ್ರಶ್ನೆ ಕೇಳುವ ವರದಿಗಾರನ ಪಾತ್ರದಲ್ಲಿ ಇದ್ದದ್ದು ಕೊರಿಯಾದಿಂದ ನಿಜವಾಗಿಯೇ ವರದಿ ಮಾಡಿದ್ದ ಪತ್ರಕರ್ತ ಕ್ಲೀಟ್ ರಾಬರ್ಟ್ಸ್. ಕ್ಲಿಂಗರ್ ಪಾತ್ರದ ಜೇಮಿ ಫಾರ್ ಕೊರಳಿಗೆ ಹಾಕಿಕೊಂಡದ್ದು ತಾನು ಸೇನೆಯಲ್ಲಿದ್ದಾಗಿನ ಸ್ವಂತ ಗುರುತಿನ ಬಿಲ್ಲೆ. ಇಷ್ಟು ಕಡೆಯಿಂದ ನಿಜವನ್ನು ಸಾಲ ತಂದವರು, ಲೆಕ್ಕ ಕೇಳುವವನು ಬಂದಾಗ ‘ನಾವು ವಿದೂಷಕರು’ ಎಂದು ಜಾರಿಕೊಳ್ಳುವುದು ಸರಿಯಲ್ಲ. ಒಂದು ರಾತ್ರಿ ಹತ್ತು ಕೋಟಿ ಜನ ನೋಡಿದರೆಂದರೆ, ಅವರಲ್ಲಿ ಬಹುಪಾಲು ಜನಕ್ಕೆ ಕೊರಿಯಾ ಯುದ್ಧದ ಬಗ್ಗೆ ಗೊತ್ತಿದ್ದದ್ದೆಲ್ಲ ಈ ಡೇರೆಗಳಿಂದಲೇ ಬಂದಿರಬೇಕು.

ಮೂಲ ಕಾದಂಬರಿ ಬರೆದ ವೈದ್ಯರ ತಕರಾರೂ ಇದೇ ದಿಕ್ಕಿನದು. ರಿಚರ್ಡ್ ಹಾರ್ನ್‌ಬರ್ಗರ್ ಅವರ ನಿಜವಾದ ಹೆಸರು. ಧಾರಾವಾಹಿ ಅವರಿಗೆ ಹಿಡಿಸಲಿಲ್ಲ. ಕ್ರಿಸ್ಮಸ್‌ಗಳ ಎಣಿಕೆ ಅವರಿಗೆ ದೊಡ್ಡದಾಗಿರಲಿಲ್ಲ. ತಮ್ಮ ಹಾಕ್‌ಐಯನ್ನು ಯುದ್ಧವಿರೋಧಿ ಭಾಷಣಕಾರನನ್ನಾಗಿ ಮಾಡಿದ್ದೇ ಅವರ ಸಿಟ್ಟು. ಅವರ ಕಾದಂಬರಿಯ ಹಾಕ್‌ಐಗೆ ಹೆಂಡತಿ ಮಕ್ಕಳಿದ್ದಾರೆ, ಟಿವಿಯವನು ಮದುವೆಯಾಗದ ಚೆಲ್ಲಾಟಗಾರ. ಹಾರ್ನ್‌ಬರ್ಗರ್ ಹೇಳುವುದು ಸರಿಯಾದರೆ ಇಡೀ ಧಾರಾವಾಹಿಯೇ ಒಂದು ಎಡವಟ್ಟು, ಹನ್ನೊಂದು ವರ್ಷ ಉದ್ದದ್ದು. ನಾನು ಅಷ್ಟು ದೂರ ಹೋಗಲಾರೆ. ಕಾದಂಬರಿ ಅವರದ್ದು, ಅದರಿಂದ ಹುಟ್ಟಿದ ಮನುಷ್ಯ ಆಮೇಲೆ ಆಲ್ಡನವನಾದ, ಗೆಲ್ಬಾರ್ಟ್‌ನವನಾದ. ಆದರೂ ಡೇರೆಯಲ್ಲಿ ನಿಜವಾಗಿ ನಿಂತು ಹೊಲಿಗೆ ಹಾಕಿದ ಕೈ ಇದು ನಮ್ಮ ಕತೆಯಲ್ಲ ಎಂದಾಗ, ಕಿವಿಯ ಮೇಲೆ ಹಾಕಿಕೊಳ್ಳದೆ ಮುಂದೆ ಹೋಗುವುದಕ್ಕೂ ಮನಸ್ಸು ಬರುವುದಿಲ್ಲ.

ಎರಡೂ ಪಕ್ಷದವರು ಮರೆಯುವ ಇನ್ನೊಂದು ಬಗೆಯ ತಪ್ಪಿದೆ: ತಪ್ಪಾಗಿಯೇ ಆಗಿ, ತಿದ್ದದೆ ಉಳಿಸಿಕೊಂಡದ್ದು. 1975ರ ಮಾರ್ಚಿನಲ್ಲಿ ಹೆನ್ರಿ ಬ್ಲೇಕ್‌ಗೆ ಸೇನೆಯಿಂದ ಬಿಡುಗಡೆ ಸಿಕ್ಕು ಎಲ್ಲರೂ ಅವನನ್ನು ಬೀಳ್ಕೊಡುತ್ತಾರೆ. ಕೊನೆಯ ದೃಶ್ಯದ ಹಾಳೆಯನ್ನು ಚಿತ್ರೀಕರಣದ ಹೊತ್ತಿನವರೆಗೆ ಬಹುತೇಕ ನಟರಿಂದ ಮುಚ್ಚಿಡಲಾಗಿತ್ತು. ಶಸ್ತ್ರಚಿಕಿತ್ಸಾ ಡೇರೆಗೆ ಬರುವ ರೇಡಾರ್, ಬ್ಲೇಕ್‌ನ ವಿಮಾನ ಸಮುದ್ರದ ಮೇಲೆ ಹೊಡೆದುರುಳಿಸಲ್ಪಟ್ಟಿದೆ, ಯಾರೂ ಬದುಕಿ ಉಳಿದಿಲ್ಲ ಎಂದು ಓದುತ್ತಾನೆ. ಮೊದಲ ಟೇಕಿನಲ್ಲಿ ಏನೋ ತಾಂತ್ರಿಕ ತೊಂದರೆಯಾಗಿ ಮತ್ತೆ ತೆಗೆಯಬೇಕಾಯಿತು. ಎರಡನೆಯದರಲ್ಲಿ, ಮಾತು ಮುಗಿದು ಎಲ್ಲರೂ ಸುಮ್ಮನಾದಾಗ, ಎಲ್ಲಿಯೋ ಯಾರದೋ ಕೈಯಿಂದ ಒಂದು ಉಪಕರಣ ಜಾರಿ ಲೋಹದ ಸದ್ದು ಮಾಡಿತು. ಸ್ಕ್ರಿಪ್ಟಿನಲ್ಲಿ ಅದಿರಲಿಲ್ಲ. ಬೇರೆ ಸೆಟ್ಟಿನಲ್ಲಾದರೆ ‘ಕಟ್’ ಎಂದು ಕೂಗುತ್ತಿದ್ದರು. ಇವರು ಇಟ್ಟುಕೊಂಡರು. ಆ ಸದ್ದಿಲ್ಲದೆ ಆ ದೃಶ್ಯವನ್ನು ಈಗ ಊಹಿಸುವುದೇ ಕಷ್ಟ.

1982ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಮಾಲಿಬು ಬೆಟ್ಟಗಳಿಗೆ ಕಾಡ್ಗಿಚ್ಚು ಬಿದ್ದದ್ದು ಇದೇ ಜಾತಿಯ ಇನ್ನೊಂದು ಆಕಸ್ಮಿಕ. ಹೊರಾಂಗಣದ ಡೇರೆಗಳೆಲ್ಲ ಇದ್ದದ್ದು ಅಲ್ಲೇ. ಕೊನೆಯ ಕಂತಿನ ಕೆಲಸ ನಡೆಯುತ್ತಿದ್ದಾಗಲೇ ಸೆಟ್ಟಿನ ಬಹುಭಾಗ ಸುಟ್ಟುಹೋಯಿತು. ಬರಹಗಾರರು ಬೆಂಕಿಯನ್ನೇ ಕತೆಗೆ ಸೇರಿಸಿದರು: ಬಾಂಬಿನಿಂದ ಕಾಡಿಗೆ ಬೆಂಕಿ ಹತ್ತಿ ಆಸ್ಪತ್ರೆ ಜಾಗ ಖಾಲಿ ಮಾಡುತ್ತದೆ. ಅದೇ ಮಾಲಿಬುವಿನಲ್ಲಿ ಕೊರಿಯಾದ ಮೂಳೆ ಕೊರೆಯುವ ಚಳಿಗಾಲವನ್ನೂ ತೆಗೆಯಬೇಕಿತ್ತು. ಸುಡುಬಿಸಿಲಿನಲ್ಲಿ ನಟರು ದಪ್ಪ ಕೋಟು ತೊಟ್ಟು ಕೈ ಉಜ್ಜಿಕೊಳ್ಳಬೇಕು. ಸ್ಕ್ರಿಪ್ಟಿನ ಬಗ್ಗೆ ನಟರು ಸಣ್ಣಪುಟ್ಟ ತಗಾದೆ ಹೆಚ್ಚು ತೆಗೆದರೆ, ಬೇಸಿಗೆಯಲ್ಲಿ ತೆಗೆಯುವ ಮುಂದಿನ ಕಂತನ್ನು ಚಳಿಗಾಲಕ್ಕೆ ಸಾಗಿಸಿ ಸೇಡು ತೀರಿಸಿಕೊಳ್ಳುತ್ತಿದ್ದೆವು ಎಂದು ಬರಹಗಾರ ಕೆನ್ ಲೆವಿನ್ ಆಮೇಲೆ ಹೇಳಿಕೊಂಡಿದ್ದಾರೆ. ಚಳಿಯ ದೃಶ್ಯದಲ್ಲಿ ಹಣೆಯ ಮೇಲೆ ಹೊಳೆಯುವ ಬೆವರು ಕಂಡರೆ ಅದನ್ನು ತಪ್ಪುಗಳ ಪಟ್ಟಿಗೆ ಸೇರಿಸುವ ಮೊದಲು, ಪಾಪ, ಆ ನಟ ಯಾವ ತಗಾದೆ ತೆಗೆದಿದ್ದನೋ ಎಂದು ಯೋಚಿಸುವುದು ಒಳ್ಳೆಯದು.

ಇಲ್ಲಿಯವರೆಗಿನ ತಪ್ಪುಗಳನ್ನೆಲ್ಲ ನಾನು ಧಾರಾಳವಾಗಿ ಮನ್ನಿಸಬಲ್ಲೆ. ಕ್ಯಾಲೆಂಡರ್ ತಪ್ಪಿದ್ದರಿಂದ ಯಾರಿಗೂ ನೋವಾಗಲಿಲ್ಲ. ಆದರೆ ಅಭಿಮಾನಿಗಳ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಜಾಗ ಸಿಗದ ಒಂದು ಸಂಗತಿ ಉಳಿಯುತ್ತದೆ. ಕತೆ ನಡೆಯುವುದು ಕೊರಿಯಾದಲ್ಲಿ, ಕೊರಿಯನ್ನರು ಎಲ್ಲಿ? ಜಪಾನಿ ಮೂಲದ ಪ್ಯಾಟ್ ಮೊರಿಟಾ ಕೊರಿಯಾದ ಸೇನಾಧಿಕಾರಿಯಾದರು. ಜಪಾನಿನಲ್ಲಿ ಹುಟ್ಟಿದ ಮಾಕೋ ಒಂದೊಂದು ಸಲ ಒಂದೊಂದು ಪಾತ್ರವಾಗಿ ಬಂದರು. ಕೊನೆಯ ಕಂತಿನಲ್ಲಿ ಕ್ಲಿಂಗರ್ ಮದುವೆಯಾಗುವ ಕೊರಿಯಾದ ಹುಡುಗಿ ಸೂನ್-ಲಿ, ಚೀನೀ ಮೂಲದ ರೋಸಲಿಂಡ್ ಚಾವ್. ಹಳ್ಳಿಗರೆಂದರೆ ಬಡವರು, ಮುಗ್ಧರು, ಗಾಯಗೊಂಡವರು, ಇಲ್ಲವೇ ಅಮೆರಿಕನ್ನರಿಗೆ ಏನಾದರೂ ಮಾರುವವರು. ರೇಡಾರ್‌ನ ಕೈಯಲ್ಲಿರುವ ಕಾಮಿಕ್ ಪುಸ್ತಕದ ವರ್ಷವನ್ನು ಪರದೆ ನಿಲ್ಲಿಸಿ ಪತ್ತೆಹಚ್ಚುವ ಕಣ್ಣಿಗೆ, ಎದುರಿಗೆ ನಿಂತ ಮನುಷ್ಯ ಯಾವ ದೇಶದವನೆಂಬುದು ಕಾಣದೆ ಹೋಗುವುದು ನನಗೆ ವಿಚಿತ್ರವೆನಿಸುತ್ತದೆ.

ಇದಕ್ಕೂ ಇನ್ನೊಂದು ಮುಖವಿದೆ, ಅದನ್ನೂ ಹೇಳಬೇಕು. 1970ರ ದಶಕದ ಅಮೆರಿಕದ ಟಿವಿಯಲ್ಲಿ ಏಷ್ಯಾ ಮೂಲದ ನಟರಿಗೆ ಕೆಲಸ ಸಿಗುವ ಜಾಗಗಳು ಬೆರಳೆಣಿಕೆಯವು, ಮ್ಯಾಶ್ ಅವುಗಳಲ್ಲಿ ಒಂದಾಗಿತ್ತು. ಕೊರಿಯಾದಲ್ಲೇ ಹುಟ್ಟಿದ ಸೂನ್-ಟೆಕ್ ಓ ಹಲವು ಕಂತುಗಳಲ್ಲಿ ಬೇರೆ ಬೇರೆ ಪಾತ್ರ ಮಾಡಿದರು. ಹವಾಯಿಯ ಕೆಲ್ಲಿ ನಕಾಹಾರಾ ಹಿನ್ನೆಲೆಯಲ್ಲಿ ನಿಲ್ಲುವ ನರ್ಸ್‌ಗಳಲ್ಲಿ ಒಬ್ಬರಾಗಿ ಬಂದು, ವರ್ಷಗಳ ಕಾಲ ಅಲ್ಲೇ ನಿಂತು, ಕೊನೆಯ ಸೀಸನ್‌ನಲ್ಲಿ ತಮ್ಮದೇ ಒಂದು ಕಂತನ್ನು ಪಡೆದರು. ಚೆಂದದ ನರ್ಸ್‌ಗಳ ಹಿಂದೆಲ್ಲ ಸುತ್ತುವ ಹಾಕ್‌ಐ ತನ್ನನ್ನು ಮಾತ್ರ ಕಣ್ಣೆತ್ತಿ ನೋಡಿಲ್ಲವೆಂದು ಆಕೆ ಅವನಿಗೆ ಚೆನ್ನಾಗಿ ಮಂಗಳಾರತಿ ಮಾಡುತ್ತಾಳೆ. ಧಾರಾವಾಹಿ ತನ್ನ ಕಣ್ಣಿನ ದೋಷವನ್ನು ತಾನೇ ಒಪ್ಪಿಕೊಂಡಂತಿರುವ ಕಂತು ಅದು. ಬರಲು ಹತ್ತು ವರ್ಷ ಹಿಡಿಯಿತು.

ಇದಕ್ಕಿಂತ ತೊಡಕಿನದು ಸ್ಪಿಯರ್‌ಚಕರ್ ಜೋನ್ಸ್ ಪ್ರಸಂಗ. ಮೊದಲ ಸೀಸನ್‌ನ ಆರಂಭದಲ್ಲಿ ಹಾಕ್‌ಐನ ಡೇರೆಯಲ್ಲಿ ಈ ಕಪ್ಪು ಸರ್ಜನ್ ಇರುತ್ತಾನೆ. ನಟ ಟಿಮೊಥಿ ಬ್ರೌನ್. ಕೆಲವು ಕಂತುಗಳ ನಂತರ ಒಂದು ಮಾತೂ ಇಲ್ಲದೆ ಮಾಯ. ಕೊರಿಯಾದ ಇಂಥ ಆಸ್ಪತ್ರೆಗಳಲ್ಲಿ ಕಪ್ಪು ಸರ್ಜನ್‌ಗಳು ಇರಲಿಲ್ಲವೆಂದು ತಿಳಿದುಬಂತು, ಅದಕ್ಕೇ ತೆಗೆದೆವು ಎಂಬ ಕಾರಣ ಆಮೇಲೆ ಚಾಲ್ತಿಗೆ ಬಂತು. ಆ ಕಾರಣವೇ ಸರಿಯಲ್ಲ ಎಂಬ ಆಕ್ಷೇಪ ಅದರ ಬೆನ್ನಿಗೇ ಇದೆ. ಆ ಹೆಸರೂ ಒಂದು ಬೈಗುಳವೇ ಆದ್ದರಿಂದ ಪಾತ್ರ ಹೋದದ್ದಕ್ಕೆ ಅಳುವವರು ಕಡಿಮೆ. ಆದರೆ ಒಂದು ಮಾತು ಗಮನಿಸಿ. ಪಾಟರ್‌ನ ತಾರೀಖು, ಹಾಕ್‌ಐನ ತಾಯಿ, ನಾಲ್ಕು ಕ್ರಿಸ್ಮಸ್, ಗೊಂಚಲು ಗೊಂಚಲು ಕೂದಲು, ಇಷ್ಟನ್ನೂ ಕಂಡೂ ಕಾಣದಂತಿದ್ದ ಧಾರಾವಾಹಿ ಇತಿಹಾಸಕ್ಕೆ ನಿಷ್ಠವಾಗಿರಬೇಕೆಂದು ಪಟ್ಟುಹಿಡಿದದ್ದು ಈ ಒಬ್ಬನ ವಿಷಯದಲ್ಲಿ. ತಪ್ಪು ಹೆಕ್ಕುವವರನ್ನು ಅತಿಸೂಕ್ಷ್ಮದವರು ಎಂದು ಗೇಲಿ ಮಾಡುವವರಿಗೆ ನಾನು ತೋರಿಸುವುದು ಇದನ್ನೇ. ನಿಖರತೆಯ ಬಗ್ಗೆ ಎಲ್ಲಿ ಉದಾರ, ಎಲ್ಲಿ ಬಿಗಿ ಎಂಬುದರಲ್ಲಿ ಒಂದು ತಂಡದ ಮನಸ್ಸು ತಿಳಿಯುತ್ತದೆ, ಮತ್ತು ಅದು ಸಾಲುಸಾಲಾಗಿ ಪಟ್ಟಿ ಮಾಡಿದವರಿಗೆ ಮಾತ್ರ ತಿಳಿಯುತ್ತದೆ.

ಹಾಗೆಂದು ಪಟ್ಟಿ ಮಾಡುವವರ ಜೊತೆ ಕೂತು ಧಾರಾವಾಹಿ ನೋಡುವುದು ಸುಖದ ಕೆಲಸ ಅಂತೇನೂ ನಾನು ಹೇಳುತ್ತಿಲ್ಲ. ಆಪರೇಷನ್ ಮೇಜಿನ ಮೇಲೆ ಹುಡುಗನೊಬ್ಬ ಸಾಯುತ್ತಿರುವಾಗ, ಹಿಂದಿನ ಶಾಟ್‌ನಲ್ಲಿ ಕೈಗವಸಿನ ಮೇಲೆ ಕಲೆ ಇರಲಿಲ್ಲ ಎನ್ನುವವನ ಪಕ್ಕದಿಂದ ಎದ್ದು ಹೋಗಬೇಕೆನಿಸುವುದು ಸಹಜ. ಅವರ ಪರವಾಗಿ ಒಂದು ಮಾತು: ಇಷ್ಟವಿಲ್ಲದ ಧಾರಾವಾಹಿಯ 251 ಕಂತುಗಳನ್ನು ಯಾರೂ ಮೂರು ಸಲ ನೋಡುವುದಿಲ್ಲ.

ಇನ್ನು ನಗುವಿನ ಟೇಪು, ಅಂದರೆ ಜೋಕುಗಳ ಬೆನ್ನಿಗೆ ಸೇರಿಸುವ ಮೊದಲೇ ಮುದ್ರಿಸಿಟ್ಟ ನಗು, ಉಳಿಯಿತು. ಅದು ತಪ್ಪೇ ಅಲ್ಲವೇ ಎಂಬುದು ಇವತ್ತಿಗೂ ಇತ್ಯರ್ಥವಾಗಿಲ್ಲ. ಗೆಲ್ಬಾರ್ಟ್‌ಗೆ ಅದು ಬೇಕಿರಲಿಲ್ಲ. ಹಾಸ್ಯ ಧಾರಾವಾಹಿಗೆ ನಗು ಇರಲೇಬೇಕೆಂದು ಸಿಬಿಎಸ್ ಹಟ ಹಿಡಿಯಿತು. ಚೌಕಾಸಿ ಮಾಡಿ, ಶಸ್ತ್ರಚಿಕಿತ್ಸೆಯ ದೃಶ್ಯಗಳಲ್ಲಿ ನಗು ಹಾಕಬಾರದೆಂಬ ಒಪ್ಪಂದಕ್ಕೆ ಬಂದರು. ಬ್ರಿಟನ್ನಿನಲ್ಲಿ ಬಿಬಿಸಿ ಆ ಟೇಪನ್ನು ತೆಗೆದುಹಾಕಿ ತೋರಿಸಿತು, ಅಲ್ಲಿಯವರಿಗೆ ಮ್ಯಾಶ್ ಎಂದರೆ ನಗುವಿನ ಸದ್ದಿಲ್ಲದ ಮ್ಯಾಶ್. ಡಿವಿಡಿಗಳಲ್ಲಿ ಎರಡೂ ಆಯ್ಕೆಗಳಿವೆ. ನಗು ಇಲ್ಲದೆ ನೋಡಿದಾಗ ನಡುವಿನ ಸೀಸನ್‌ಗಳು ಹೆಚ್ಚು ಆಳವಾಗಿ ಕಾಣುತ್ತವೆ, ಹಾಕ್‌ಐನ ಚಟಾಕಿಗಳು ನಿದ್ದೆಗೆಟ್ಟವನ ಬಡಬಡಿಕೆಯಂತೆ ಕೇಳಿಸುತ್ತವೆ; ಅದು ಪಾತ್ರಕ್ಕೆ ಒಪ್ಪುತ್ತದೆ. ಮೊದಲ ಸೀಸನ್‌ನ ಕಂತುಗಳನ್ನು ಹಾಗೆ ನೋಡಲು ಹೋದರೆ ಮಾತ್ರ ಜೋಕಿಗೂ ಜೋಕಿಗೂ ನಡುವೆ ನಟರು ನಗುವಿಗೆಂದೇ ಬಿಟ್ಟ ಖಾಲಿ ಜಾಗ ಉಳಿದು, ಎಲ್ಲರೂ ಯಾರದೋ ಉತ್ತರಕ್ಕೆ ಕಾಯುತ್ತ ನಿಂತಂತೆ ತೋರುತ್ತದೆ. ಅವಕ್ಕೆ ಟೇಪನ್ನು ಹಾಗೇ ಬಿಡುವುದೇ ಲೇಸು.